ಇಳಕಲ್ಲಿನ ಧೂಳು ಮತ್ತು ನೂರೈವತ್ತು ಕುದುರೆ

ಈ ಕಡೆ ಬರೆಯದೆ ಬಹಳ ದಿನ ಆಯ್ತು. ಇವತ್ತು ಸ್ವಲ್ಪ ಇತಿಹಾಸ ಬರೆಯೋಣ ಅಂತ ಕೂತಿದ್ದೀನಿ. ಬಾಗಲಕೋಟೆ ಜಿಲ್ಲೆಯವನು ಇತಿಹಾಸ ಅಂದ ಕೂಡಲೇ ಪುಲಿಕೇಶಿಯಿಂದ ಶುರು ಮಾಡ್ತಾನೆ ಅಂತ ನೀವು ಓಡಿಹೋಗಬೇಡಿ. ಇದು ಕಾರಿನ ಎಂಜಿನ್ ಉಸಿರಾಡಿದ ಇತಿಹಾಸ. ಆದರೆ ಕೊನೆಗೆ ಬಾದಾಮಿಯ ಕಲ್ಲಿಗೇ ಬಂದು ನಿಲ್ಲುತ್ತೆ, ಅದಕ್ಕೆ ನಾನು ಜವಾಬ್ದಾರನಲ್ಲ :-)

ಮೊದಲು ನನ್ನ ಮರುಳಿನ ಕಥೆ. 2013ರಲ್ಲಿ ನಾನು ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕೊಂಡೆ. 2004ರಲ್ಲಿ ನಮ್ಮ ದೇಶಕ್ಕೆ ಬಂದ ಗಾಡಿ. 1781 ಸಿಸಿ, ಟರ್ಬೊ, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವು, 150 ಕುದುರೆ ಶಕ್ತಿ. ಆ ಕಾಲಕ್ಕೆ ನಮ್ಮಲ್ಲಿ ಸಿಗುತ್ತಿದ್ದ ಸೆಡಾನುಗಳಲ್ಲಿ ಅದು ಹುಲಿ. ನನಗೆ ಆ ಹುಲಿಯೂ ಸಾಲದು ಅನ್ನಿಸಿತು. ಬೆಂಗಳೂರಲ್ಲಿ ಅದರ ಇಸಿಯು ರಿಮ್ಯಾಪ್ ಮಾಡಿಸಿದೆ. ಕಂಪನಿ ಕೊಟ್ಟಿದ್ದ ಕಪ್ಪು ಏರ್ ಫಿಲ್ಟರ್ ಡಬ್ಬಿ ಕಿತ್ತು ಅಟ್ಟಕ್ಕೆ ಹಾಕಿ, ಅದರ ಜಾಗಕ್ಕೆ ಶಂಖದಂಥ ಓಪನ್ ಫಿಲ್ಟರ್ ಕೂರಿಸಿದೆ. ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿಂದ 'ಸುಂಯ್' ಅಂತ ಸದ್ದು. ಆ ಸದ್ದಿಗೇ ಅರ್ಧ ದುಡ್ಡು ವಸೂಲಾಯ್ತು ಅನ್ನಿಸಿತ್ತು.

ಆ ವರ್ಷ ಬನಶಂಕರಿ ಜಾತ್ರೆಗೆ ಬಾಗಲಕೋಟೆಯಿಂದ ಬಾದಾಮಿಗೆ ಹೋದೆ. ಚಕ್ಕಡಿ, ಟ್ರ್ಯಾಕ್ಟರ್, ಟಂಟಂ ಎಲ್ಲಾ ಸೇರಿ ಎಬ್ಬಿಸಿದ ಕೆಂಪು ಧೂಳು. ಅದರ ನಡುವೆ ನನ್ನ ಸುಂಯ್ ಸುಂಯ್. ವಾಪಸ್ ಬರುವಾಗ ಹುನಗುಂದದಲ್ಲಿ ಕಾಕಾನ ಗ್ಯಾರೇಜಿಗೆ ಹೋಗಿ ಜಂಬದಿಂದ ಬಾನೆಟ್ ಎತ್ತಿ ತೋರಿಸಿದೆ. ಕಾಕಾ ಬೀಡಿ ಬಾಯಿಂದ ತೆಗೆದು ಒಂದು ನಿಮಿಷ ನೋಡಿದ.

"ತಮ್ಮಾ, ಇದರ ಮೂಗಿನ್ಯಾಗಿನ ಕೂದಲಾನ ಕಿತ್ತಿ ಒಗದಿಯಲ್ಲೋ!"

ನಾನು ನಕ್ಕೆ. ಹಳೇ ಕಾಲದ ಮೆಕ್ಯಾನಿಕ್ಕು, ಟರ್ಬೊ ಏನು ಗೊತ್ತು ಅಂತ ಒಳಗೊಳಗೇ ಅಂದುಕೊಂಡೆ. ಆದರೆ ಕಾಕಾನಿಗೆ ನನಗಿಂತ ಚೆನ್ನಾಗಿ ಇತಿಹಾಸ ಗೊತ್ತಿತ್ತು. ಅದನ್ನೇ ಈಗ ಹೇಳ್ತೀನಿ.

ಎಂಜಿನ್ ಅಂದರೆ ಮೂಲತಃ ಗಾಳಿ ಎಳೆಯುವ ಪಂಪು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಸುಡಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಪೆಟ್ರೋಲಿಗೆ ನಮ್ಮೂರಿನ ಬೇಸಿಗೆ ಗಾಳಿ ಹತ್ತಿರ ಹತ್ತಿರ ಹತ್ತು ಸಾವಿರ ಲೀಟರ್! ಪೆಟ್ರೋಲ್ ಜಾಸ್ತಿ ಸುರಿಯುವುದು ಸುಲಭ. ಗಾಳಿ ತುಂಬುವುದೇ ಕಷ್ಟ. ಲಾರಿಯವರು ಪಂಪ್ ತಿರುವಿ ಡೀಸೆಲ್ ಜಾಸ್ತಿ ಬಿಟ್ಟುಕೊಂಡಾಗ ಕರೀ ಹೊಗೆ ಬರುತ್ತಲ್ಲ, ಅದು ಗಾಳಿ ಸಾಲದೆ ಅರ್ಧ ಸುಟ್ಟ ಡೀಸೆಲ್ಲೇ. ಹಾಗಾಗಿ ಕಾರಿನ ಶಕ್ತಿ ಹೆಚ್ಚಿಸಿದವರ ಇತಿಹಾಸವೆಲ್ಲ ಗಾಳಿ ತುಂಬಿದವರ ಇತಿಹಾಸ.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಅಂಬಾಸಿಡರ್. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಇಂಗ್ಲೆಂಡಿನ ಬಿಎಂಸಿಯದು, ಶಕ್ತಿ ಸುಮಾರು 50 ಕುದುರೆ. ಅದೇ ಮನೆತನದ, ಅಷ್ಟೇ 1489 ಸಿಸಿಯ ಎಂಜಿನ್ನನ್ನು 1950ರ ದಶಕದಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿಗೂ ಹಾಕಿದ್ದರು. ಅಲ್ಲಿ ಎರಡು ಕಾರ್ಬೊರೇಟರ್, ಸುಧಾರಿಸಿದ ಹೆಡ್ಡು. ಶಕ್ತಿ 70ರ ಆಸುಪಾಸಿಗೆ ಏರಿತು. ಹೊಟ್ಟೆ ಅಷ್ಟೇ, ಮೂಗಿನ ಹೊಳ್ಳೆ ದೊಡ್ಡದು, ಅಷ್ಟೇ ವ್ಯತ್ಯಾಸ.

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದದ್ದು ಮದರಾಸಿನ ಹತ್ತಿರದ ಶೋಲಾವರಂನಲ್ಲಿ. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ದಶಕಗಳ ಕಾಲ ರೇಸ್ ನಡೆಸಿದರು. ಕಾಕಾ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಫೆಬ್ರುವರಿ ಬಂತೆಂದರೆ ಹುಡುಗರೆಲ್ಲ ಲಾರಿ ಹತ್ತಿ ಶೋಲಾವರಂಗೆ ಹೋಗುತ್ತಿದ್ದರಂತೆ. ಆಗಿನ ಕಾಲದ ಟ್ಯೂನಿಂಗ್ ಅಂದರೆ ಲ್ಯಾಪ್‌ಟಾಪ್ ಅಲ್ಲ, ಅರ ಮತ್ತು ಎಮರಿ ಪೇಪರ್. ಫಿಯಟ್ಟಿನ ಹೆಡ್ ಬಿಚ್ಚಿ, ಕೆಳಗಿನ ಮೈ ಸ್ವಲ್ಪ ಸವೆಸಿ ಕಂಪ್ರೆಶನ್ ಏರಿಸುವುದು. ಗಾಳಿ ಹೋಗುವ ಪೋರ್ಟುಗಳನ್ನು ಅರದಿಂದ ಅಗಲ ಮಾಡಿ ನುಣುಪು ಮಾಡುವುದು. ದೊಡ್ಡ ಕಾರ್ಬೊರೇಟರ್ ಕೂರಿಸುವುದು. ಕಾಕಾನ ಬೆರಳಿನ ತುದಿಗಳಲ್ಲಿ ಗೆರೆಗಳೇ ಅಳಿಸಿಹೋಗಿವೆ. "ಎಮರಿ ಪೇಪರ್ ತಿಂದೈತಿ" ಅಂತಾನೆ.

ಇದರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಕಾರಿದೆ, ಎಷ್ಟು ಜನರಿಗೆ ನೆನಪಿದೆಯೋ ಗೊತ್ತಿಲ್ಲ. ಸಿಪಾನಿ ಡಾಲ್ಫಿನ್! 1982ರಲ್ಲಿ ಬೆಂಗಳೂರಿನಲ್ಲಿ ತಯಾರಾದ ಎರಡು ಬಾಗಿಲಿನ ಪುಟ್ಟ ಗಾಡಿ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ನಕ್ಷೆ, ಫೈಬರ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ಸಂಸಾರಸ್ಥರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ, ಮಾರುತಿ 800 ಬಂದ ಮೇಲಂತೂ ಕೇಳುವವರೇ ಇಲ್ಲ. ಆದರೆ ರೇಸು, ರ‍್ಯಾಲಿಯವರಿಗೆ ಅದು ಅಚ್ಚುಮೆಚ್ಚು. ಮೈ ಹಗುರ ಇದ್ದದ್ದರಿಂದ ಎಂಜಿನ್ನಿನಿಂದ ನಾಲ್ಕೈದು ಕುದುರೆ ಹೆಚ್ಚಿಗೆ ಹೊರಟರೂ ಗಾಡಿ ಹಾರುತ್ತಿತ್ತು. ಕಾಕಾ ಇವತ್ತಿಗೂ ಡಾಲ್ಫಿನ್ ಹೆಸರೆತ್ತಿದರೆ ಸತ್ತ ಗೆಳೆಯನ ಬಗ್ಗೆ ಮಾತಾಡಿದ ಹಾಗೆ ಮಾತಾಡ್ತಾನೆ.

ಆಮೇಲಿನದು ಬೇಗ ಹೇಳಿಬಿಡ್ತೀನಿ. 1984ರಲ್ಲಿ ಕಾಂಟೆಸ್ಸಾ ಬಂತು. ದೊಡ್ಡ ಮೈ, ಒಳಗೆ ಅದೇ ಅಂಬಾಸಿಡರ್ ಎಂಜಿನ್. ಮುಂದೆ ಇಸುಜು 1.8 ಲೀಟರ್ ಎಂಜಿನ್ ಬಂದ ಮೇಲೆ 88 ಕುದುರೆ ಆಯ್ತು, ಆಗಿನ ಶ್ರೀಮಂತರ ವೇಗದ ಕಾರು ಅದೇ. 2000ದಲ್ಲಿ ಹೋಂಡಾ ಸಿಟಿಗೆ ವಿಟೆಕ್ ಎಂಜಿನ್ ಬಂತು: 1493 ಸಿಸಿ, 106 ಕುದುರೆ. ಅಂಬಾಸಿಡರಿಗಿಂತ ನಾಲ್ಕೇ ಸಿಸಿ ದೊಡ್ಡದು, ಶಕ್ತಿ ಮಾತ್ರ ಎರಡು ಪಟ್ಟು! ಹದಿನಾರು ವಾಲ್ವು, ವೇಗಕ್ಕೆ ತಕ್ಕಂತೆ ಅವು ತೆರೆದುಕೊಳ್ಳುವ ರೀತಿಯೂ ಬದಲಾಗುತ್ತಿತ್ತು. ಅಂದರೆ ಅಲ್ಲೂ ಮೂಗಿನದೇ ವಿಷಯ.

ಇನ್ನು ಟರ್ಬೊ. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಹೊಸ ಗಾಳಿಯನ್ನು ಒಳಗೆ ಒತ್ತುವ ಉಪಾಯ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಹದಿನಾಲ್ಕು ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟಕ್ಕೆ ಹೊತ್ತೊಯ್ದು, ತೆಳುಗಾಳಿಯಲ್ಲಿ ಕಳೆದುಹೋದ ಶಕ್ತಿಯನ್ನು ಟರ್ಬೊದಿಂದ ವಾಪಸ್ ತಂದು ತೋರಿಸಿದ. ಮಾರಾಟದ ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಅದೂ ಅಮೆರಿಕದಲ್ಲೇ.

ನಮಗೆ ಈ ಬೆಟ್ಟದ ಕಥೆ ಯಾಕೆ ಅಂತೀರಾ? ಬಾಗಲಕೋಟೆ, ಬಾದಾಮಿ ಎಲ್ಲಾ ಸಮುದ್ರ ಮಟ್ಟದಿಂದ ಐನೂರು ಮೀಟರಿಗಿಂತ ಎತ್ತರದಲ್ಲಿವೆ. ಮೇ ತಿಂಗಳಲ್ಲಿ 40 ಡಿಗ್ರಿ. ಸಮುದ್ರ ದಂಡೆಯ ತಂಪು ಗಾಳಿಗೆ ಹೋಲಿಸಿದರೆ ಇಲ್ಲಿನ ಬೇಸಿಗೆ ಗಾಳಿ ನೂರಕ್ಕೆ ಹದಿಮೂರು ಹದಿನಾಲ್ಕು ಪಾಲು ತೆಳು. ಟರ್ಬೊ ಇಲ್ಲದ 106 ಕುದುರೆಯ ಕಾರು ಇಳಕಲ್ಲಿಗೆ ಬಂದರೆ ತೊಂಬತ್ತರ ಆಸುಪಾಸಿಗೆ ಇಳಿದುಬಿಡುತ್ತೆ. ಮದುವೆ ಸೀಜನ್ನಿನಲ್ಲಿ ಬೀಗರು "ಯಾಕೋ ಗಾಡಿ ಪಿಕಪ್ಪೇ ಇಲ್ಲ" ಅನ್ನುವುದು ಸುಮ್ಮನೆ ಅಲ್ಲ. ನನ್ನ ಟರ್ಬೊ ಗಾಡಿಗೆ ಈ ತೊಂದರೆ ಕಡಿಮೆ. ಆದರೆ ನಾನು ಹಾಕಿದ ಓಪನ್ ಫಿಲ್ಟರ್ ಹೊರಗಿನ ಗಾಳಿ ಬಿಟ್ಟು ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತಿತ್ತು. 40ರ ಬದಲು 60 ಡಿಗ್ರಿಯ ಗಾಳಿ ಎಳೆದರೆ ಆರು ಪಾಲು ಗಾಳಿ ಅಲ್ಲೇ ನಷ್ಟ. ಅಂದರೆ ಕುದುರೆ ಹೆಚ್ಚಿಸಿದ್ದು ರಿಮ್ಯಾಪು. ಫಿಲ್ಟರ್ ಹೆಚ್ಚಿಸಿದ್ದು ಸದ್ದು ಮಾತ್ರ!

ಮತ್ತೆ ಧೂಳು. ಗಾಳಿ ತುಂಬುವವರ ಇತಿಹಾಸದ ಬೆನ್ನಿಗೇ ಗಾಳಿ ಸೋಸುವವರ ಇತಿಹಾಸವೂ ಇದೆ. ಅದನ್ನು ಯಾರೂ ಹಾಡಿ ಹೊಗಳುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸ್ಪಿಟ್‌ಫೈರ್ ವಿಮಾನಗಳು ಉತ್ತರ ಆಫ್ರಿಕದ ಮರಳುಗಾಡಿಗೆ ಹೋದಾಗ ಮೂತಿಯ ಕೆಳಗೆ ದೊಡ್ಡ ಗಡ್ಡದಂಥ ಫಿಲ್ಟರ್ ಕೂರಿಸಬೇಕಾಯ್ತು. ವೇಗ ಕಡಿಮೆಯಾಯ್ತು, ಪೈಲಟ್ಟುಗಳು ಬೈದುಕೊಂಡರು. ಆದರೆ ಫಿಲ್ಟರ್ ಕಿತ್ತು ಒಗೆಯಲಿಲ್ಲ. ಈಜಿಪ್ಟಿನ ಅಬೂಕಿರ್ ಎಂಬಲ್ಲಿನ ವರ್ಕ್‌ಶಾಪಿನವರು ಅದಕ್ಕಿಂತ ಚಿಕ್ಕ, ಚೊಕ್ಕ ಫಿಲ್ಟರ್ ಮಾಡಿಕೊಟ್ಟರು. ಪ್ರಾಣದ ಪ್ರಶ್ನೆ ಇದ್ದಾಗಲೂ ಮೂಗಿನ ಕೂದಲು ಬೇಕೇ ಬೇಕು ಅಂತ ಅವರಿಗೆ ಗೊತ್ತಿತ್ತು.

ನಮ್ಮ ಕಡೆಯ ಹಳೇ ಜೀಪು, ಟ್ರ್ಯಾಕ್ಟರುಗಳಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್ ಇರುತ್ತಿತ್ತು. ಗಾಳಿ ಮೇಲಿಂದ ಕೆಳಗೆ ಬಂದು, ಬಟ್ಟಲಿನಲ್ಲಿರುವ ಎಣ್ಣೆಯ ಮೇಲೆ ಗಕ್ಕನೆ ತಿರುಗಿ ಮತ್ತೆ ಮೇಲೆ ಹೋಗಬೇಕು. ಹಗುರಾದ ಗಾಳಿ ತಿರುಗುತ್ತೆ. ಭಾರದ ಧೂಳಿಗೆ ಅಷ್ಟು ಚುರುಕಾಗಿ ತಿರುಗಲು ಆಗದೆ ಎಣ್ಣೆಗೆ ಬೀಳುತ್ತೆ. ಉಳಿದದ್ದು ಮೇಲಿನ ಜಾಲರಿಗೆ ಅಂಟಿಕೊಳ್ಳುತ್ತೆ. ಚಿಕ್ಕವನಿದ್ದಾಗ ಕಾಕಾ ಆ ಬಟ್ಟಲು ಬಗ್ಗಿಸಿ ತೋರಿಸುತ್ತಿದ್ದ. ತಳದಲ್ಲಿ ಹುಗ್ಗಿಯಷ್ಟು ಗಟ್ಟಿ ಕೆಸರು. ಅದೆಲ್ಲ ಇಲ್ಲದಿದ್ದರೆ ಎಂಜಿನ್ನಿನ ಹೊಟ್ಟೆ ಸೇರುತ್ತಿತ್ತು.

ನನ್ನ ಪಾಡು ಏನಾಯ್ತು ಅಂತ ಈಗ ಕೇಳಿ. 2016ರ ಮೇ. ಅವ್ವನ ಕಣ್ಣಿನ ಪೊರೆ ಆಪರೇಷನ್ನಿಗೆ ಬಾಗಲಕೋಟೆಯಲ್ಲಿ ದಿನ ಗೊತ್ತಾಗಿತ್ತು. ಬೆಳಿಗ್ಗೆ ಇಳಕಲ್ಲಿನಿಂದ ಹೊರಟೆವು. ಹೆದ್ದಾರಿಯಲ್ಲಿ ಗ್ರಾನೈಟ್ ಬ್ಲಾಕ್ ಹೊತ್ತ ಲಾರಿಗಳ ಹಿಂದೆ ಬಿಳಿ ಧೂಳು. ಹುನಗುಂದ ಇನ್ನೂ ಮುಟ್ಟಿಲ್ಲ, ಮೀಟರ್ ಬೋರ್ಡಿನಲ್ಲಿ ದೀಪ ಹತ್ತಿಕೊಂಡಿತು, ಎಳೆತ ಹೋಯ್ತು, ಹಿಂದೆ ನೀಲಿ ಹೊಗೆ. ಎತ್ತಿನ ಗಾಡಿ ವೇಗದಲ್ಲಿ ಹೇಗೋ ಕಾಕಾನ ಗ್ಯಾರೇಜು ಮುಟ್ಟಿಸಿದೆ. ಕಾಕಾ ಏನೂ ಅನ್ನಲಿಲ್ಲ. ಅವ್ವನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದ. ನೂರೈವತ್ತು ಕುದುರೆ ಬಿಟ್ಟು ಅವ್ವ ವಾಯವ್ಯ ಸಾರಿಗೆಯ ಕೆಂಪು ಬಸ್ಸಿನಲ್ಲಿ ಬಾಗಲಕೋಟೆಗೆ ಹೋದಳು. ನಾನು ಪಕ್ಕದ ಸೀಟಿನಲ್ಲಿ ಕೂತು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಆಪರೇಷನ್ ಸರಿಯಾಗಿ ಆಯ್ತು, ದೇವರ ದಯೆ.

ವಾರ ಬಿಟ್ಟು ಎಂಜಿನ್ ಬಿಚ್ಚಿದೆವು. ಟರ್ಬೊದ ಅಲ್ಯೂಮಿನಿಯಂ ಚಕ್ರದ ಅಂಚುಗಳು ಇಲಿ ಕಡಿದಂತೆ ಸವೆದಿದ್ದವು. ಸಿಲಿಂಡರ್ ಗೋಡೆಗಳ ಮೇಲೆ ಉದ್ದಕ್ಕೂ ಗೀರು. ಎಂಜಿನ್ ಬೋರಿಗೆ ಬಂದಿತ್ತು. ತಪ್ಪು ಯಾರದೂ ಅಲ್ಲ, ನನ್ನದೇ. ಫಿಲ್ಟರನ್ನು ನಾನೇ ತೊಳೆದು, ಎಣ್ಣೆ ಸರಿಯಾಗಿ ಹಚ್ಚದೆ, ಕ್ಲಾಂಪ್ ಪೂರ್ತಿ ಬಿಗಿ ಮಾಡದೆ ಕೂರಿಸಿದ್ದೆ. ಬೆಂಗಳೂರಿನ ಟಾರು ರಸ್ತೆಯಲ್ಲಿ ಅಷ್ಟಕ್ಕೆ ನಡೆದುಬಿಡುತ್ತಿತ್ತೇನೋ. ಇಳಕಲ್ಲಿನಲ್ಲಿ ನಡೆಯಲಿಲ್ಲ. ಮೂರು ತಿಂಗಳ ಸಂಬಳ ಆ ಗೀರುಗಳಲ್ಲಿ ಹರಿದುಹೋಯ್ತು.

ಕಾಕಾ ಪೇಂಟ್ ಬ್ರಷ್ಷಿನಿಂದ ಪೈಪಿನೊಳಗಿನ ಧೂಳು ಗುಡಿಸಿ ನನ್ನ ಅಂಗೈಗೆ ಹಾಕಿದ. ಉಜ್ಜಿದರೆ ಚುರ್ ಚುರ್ ಅನ್ನುತ್ತಿತ್ತು, ಮಿಣಿ ಮಿಣಿ ಹೊಳೆಯುತ್ತಿತ್ತು. ಆವಾಗ ಹೊಳೆಯಿತು ನೋಡಿ. ಇಳಕಲ್ಲಿನ ಗ್ರಾನೈಟಿನಲ್ಲಿ ಇರುವುದು ಕ್ವಾರ್ಟ್ಜ್ ಹರಳು. ಬಾದಾಮಿಯ ಕೆಂಪು ಮರಳುಗಲ್ಲೂ ಅದೇ ಹರಳುಗಳದ್ದು. ಅದು ಚಾಕುವಿನ ಉಕ್ಕನ್ನೇ ಗೀರುವಷ್ಟು ಗಟ್ಟಿ. 578ರಲ್ಲಿ ಮಂಗಳೇಶ ಬಾದಾಮಿಯ ಮೂರನೇ ಗುಹೆ ಮಾಡಿಸಿದಾಗ ಶಿಲ್ಪಿಗಳು ಎಷ್ಟು ಸಲ ಉಳಿ ಹರಿತ ಮಾಡಿಕೊಂಡಿರಬೇಡ! ಆ ಕಲ್ಲು ಕಬ್ಬಿಣ ತಿನ್ನುತ್ತೆ ಅಂತ ಅವರಿಗೆ ಹದಿನಾಲ್ಕು ಶತಮಾನದ ಹಿಂದೆಯೇ ಗೊತ್ತಿತ್ತು. ಅದೇ ಕಲ್ಲುಗಳ ನಡುವೆ ಬೆಳೆದ ನನಗೆ ಗೊತ್ತಾಗಲಿಲ್ಲ.

ಈಗ ಅಟ್ಟದಿಂದ ಆ ಕಪ್ಪು ಡಬ್ಬಿ ಇಳಿಸಿ ಮತ್ತೆ ಕೂರಿಸಿದ್ದೀನಿ. ಅದನ್ನು ನೋಡಿದಾಗಲೆಲ್ಲ ಒಂದು ಮಾತು ನೆನಪಾಗುತ್ತೆ. ನಾವು 'ಕಂಪನಿಯವರು ಬೇಕಂತಲೇ ಗಾಳಿ ತಡೆದಿದ್ದಾರೆ' ಅಂದುಕೊಳ್ಳುತ್ತೇವೆ. ಆ ತಡೆಯೊಳಗೆ ಯಾವುದೋ ಮರಳುಗಾಡಿನಲ್ಲಿ, ಯಾವುದೋ ಹೊಲದಲ್ಲಿ ಕೆಟ್ಟು ನಿಂತ ನೂರಾರು ಎಂಜಿನ್ನುಗಳ ಅನುಭವ ಇರುತ್ತೆ. ಪೇಪರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಅರ್ಧ ಅವಧಿಗೇ ಬದಲಾಯಿಸ್ತೀನಿ. ರಿಮ್ಯಾಪ್ ಕೂಡ ತೆಗೆಸಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಾಯಿಸುವಂತಿಲ್ಲ ಅಂದಿತಲ್ಲ. ಆ ಹೊತ್ತಿಗೆ ನನಗೆ ಕೋರ್ಟು ಹೇಳುವ ಅಗತ್ಯವೇ ಉಳಿದಿರಲಿಲ್ಲ ಬಿಡಿ.

ಸುಂಯ್ ಸದ್ದು ಈಗಿಲ್ಲ. ಮೊನ್ನೆ ಅವ್ವನನ್ನು ಕೂರಿಸಿಕೊಂಡು ಬಾದಾಮಿಗೆ ಹೋಗಿದ್ದೆ. "ಗಾಡಿ ಈಗ ಸುಮ್ಮ ಅದ ನೋಡು, ನಿದ್ದಿ ಬಂತು" ಅಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ.

ನಿಮ್ಮೂರ ಕಡೆ ಹಳೇ ಡಾಲ್ಫಿನ್ ಯಾರ ಮನೆಯ ಹಿತ್ತಲಲ್ಲಾದರೂ ನಿಂತಿದ್ದರೆ ತಿಳಿಸಿ. ಕಾಕಾನನ್ನು ಒಂದು ಸಲ ಕರೆದುಕೊಂಡು ಬರ್ತೀನಿ. ಮುಟ್ಟಿ ನೋಡಿ ಬರ್ತಾನೆ, ಅಷ್ಟೇ.