ಗೌರವಧನ ನೌಕರರ ಸಾಮೂಹಿಕ ಚೌಕಾಸಿ

ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಶಾಲೆಯ ಬಿಸಿಯೂಟ ತಯಾರಕರು ಸಂಘ ಕಟ್ಟಿಕೊಂಡು ಸರ್ಕಾರದೊಡನೆ ನಡೆಸುವ ಮಾತುಕತೆ. ಕಂಪ್ಲಿ ತಾಲ್ಲೂಕಿನ ಮೆಟ್ರಿಯಂಥ ಊರಲ್ಲಿ ಬಾಣಂತಿಯ ಮನೆ ಬಾಗಿಲು ತಟ್ಟುವವರೂ ಶಾಲೆಯ ಒಲೆ ಹಚ್ಚುವವರೂ ಇವರೇ. ಕೈಗೆ ಬರುವುದು ಮಾತ್ರ ಸಂಬಳವಲ್ಲ, ಗೌರವಧನ.

ತೊಡಕಿರುವುದೇ ಈ ಪದದಲ್ಲಿ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಅಮೀರ್‌ಬಿ ಹೆಸರಿನ ಆ ಪ್ರಕರಣ ಕರ್ನಾಟಕದ್ದೇ. 2022ರಲ್ಲಿ, ಗುಜರಾತಿನ ಪ್ರಕರಣವೊಂದರಲ್ಲಿ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು.

ನೌಕರರೆಂಬ ಹೆಸರಿಲ್ಲದವರಿಗೆ ಮೇಜಿನ ಮುಂದೆ ಕುರ್ಚಿ ಸಿಗುವುದು ಕಷ್ಟ; ಚೌಕಾಸಿ ಬೀದಿಯಲ್ಲೇ ಶುರುವಾಗುತ್ತದೆ. 2025ರ ಜನವರಿ 7ರಿಂದ ಗುಲಾಬಿ ಸೀರೆಯ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲೇ ಅಹೋರಾತ್ರಿ ಕುಳಿತರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಏಪ್ರಿಲ್‌ನಿಂದ ಕನಿಷ್ಠ 10,000 ಖಚಿತವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ 10ರಂದು ಭರವಸೆ ಕೊಟ್ಟ ಮೇಲೆ ಎದ್ದರು. ಭರವಸೆ ಈಡೇರಲಿಲ್ಲವೆಂದು ಆಗಸ್ಟ್‌ನಲ್ಲಿ ಮತ್ತೆ ಧರಣಿ ಕೂತರು.

ಅಡುಗೆಯವರ ಪಾಡು ಇನ್ನೂ ಬಿಗಿ. ಬಳ್ಳಾರಿ ಸೇರಿದಂತೆ ಉತ್ತರದ ಜಿಲ್ಲೆಗಳಲ್ಲಿ ಬಿಸಿಯೂಟ ಮೊದಲು ಬಂದದ್ದು 2002ರಲ್ಲಿ. ಅವರ ಗೌರವಧನಕ್ಕೆ 2009ರಲ್ಲಿ ಕೇಂದ್ರ ಗೊತ್ತುಮಾಡಿದ ದರ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ.