ಕಡತಕ್ಕೆ ಸಿಕ್ಕ ವಕೀಲ: ಜೈಲು ಮೇಲ್ಮನವಿ ಕುರಿತು ಒಂದು ಟಿಪ್ಪಣಿ

ಶಿಕ್ಷೆಗೊಳಗಾದ ಬಡವನಿಗೆ ಮೇಲ್ಮನವಿಯ ಹಂತದಲ್ಲೂ ಸರ್ಕಾರದ ಖರ್ಚಿನಲ್ಲಿ ವಕೀಲ ಸಿಗಬೇಕೆಂಬ ವಾದಕ್ಕೆ ನಮ್ಮಲ್ಲಿ ಮುಖ್ಯ ಆಧಾರ 1978ರ ಆಗಸ್ಟ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ಹೊಸ್ಕೋಟ್ ತೀರ್ಪು. ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಪ್ರಕರಣದ ಸಂಗತಿಗಳಲ್ಲಿ ನಮ್ಮ ಧಾರವಾಡವೂ ಇದೆ. ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಅರ್ಜಿದಾರರು ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನ ಉಬ್ಬು ಮೊಹರೊಂದನ್ನು ಮಾಡಿಕೊಡುವಂತೆ ಮುಂಬಯಿ ಬಳಿಯ ಡೊಂಬಿವಲಿಯ ಬ್ಲಾಕ್ ತಯಾರಕನನ್ನು ಕೇಳಿದರು, ಅದಕ್ಕೆ ನಕಲಿ ಅಧಿಕಾರಪತ್ರವನ್ನೂ ತೋರಿಸಿದರು ಎಂಬುದು ಆರೋಪ. ಸೆಷನ್ಸ್ ನ್ಯಾಯಾಲಯ ಕೋರ್ಟು ಏಳುವವರೆಗಿನ ಸಜೆ ಮತ್ತು ದಂಡ ವಿಧಿಸಿ ಬಿಟ್ಟಿತ್ತು. ಹೈಕೋರ್ಟು 1973ರ ನವೆಂಬರ್‌ನಲ್ಲಿ ಅದನ್ನು ಮೂರು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಬಂದದ್ದು ಸುಮಾರು ನಾಲ್ಕು ವರ್ಷ ತಡವಾಗಿ, ಶಿಕ್ಷೆ ಪೂರ್ತಿ ಅನುಭವಿಸಿದ ಮೇಲೆ.

ತಡಕ್ಕೆ ಕೊಟ್ಟ ಕಾರಣ ಸರಳವಾಗಿತ್ತು: ತೀರ್ಪಿನ ಪ್ರತಿ ಕೈಗೆ ಬರಲಿಲ್ಲ. ಹೈಕೋರ್ಟು ಉಚಿತ ಪ್ರತಿಯನ್ನು ಯೆರವಡಾ ಜೈಲಿನ ಅಧೀಕ್ಷಕರಿಗೆ ಕಳಿಸಿತ್ತು. ಕೈದಿಗೆ ಅದು ಮುಟ್ಟಿತೆನ್ನುವುದಕ್ಕೆ ಅವರ ರುಜು ಎಲ್ಲಿಯೂ ಇರಲಿಲ್ಲ. ಹೀಗಾಗಿಯೇ ನ್ಯಾಯಪೀಠದ ನಿರ್ದೇಶನಗಳು ಕಾಗದದಿಂದ ಶುರುವಾಗುತ್ತವೆ. ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಜೈಲಿನವರು ಲಿಖಿತ ಸ್ವೀಕೃತಿ ಪಡೆಯಬೇಕು. ಬಡತನದಿಂದಲೋ ಹೊರಗಿನವರ ಸಂಪರ್ಕವಿಲ್ಲದ್ದರಿಂದಲೋ ವಕೀಲರನ್ನು ಇಟ್ಟುಕೊಳ್ಳಲಾಗದ ಕೈದಿಗೆ, ಅವನ ಆಕ್ಷೇಪ ಇಲ್ಲದಿದ್ದರೆ, ನ್ಯಾಯಾಲಯವೇ ಸಮರ್ಥ ವಕೀಲರನ್ನು ನೇಮಿಸಬೇಕು; ಸಂಭಾವನೆಯನ್ನು ಸರ್ಕಾರ ಭರಿಸಬೇಕು. ಇಷ್ಟೆಲ್ಲ ಹೇಳಿದ ಪೀಠ ಅರ್ಜಿಯನ್ನು ಮಾತ್ರ ವಜಾ ಮಾಡಿತು.

ಈ ಟಿಪ್ಪಣಿಯ ವಾದ ಇಷ್ಟೇ: ಹೊಸ್ಕೋಟ್ ತೀರ್ಪು ಕಾಗದ, ವಕೀಲ ಎರಡನ್ನೂ ಕೊಟ್ಟಿತು. ನಂತರದ ಕಾನೂನು ಕಾಗದದ ದಾರಿಯನ್ನು ಮಟ್ಟಸ ಮಾಡಿತು, ವಕೀಲನ ಹೆಸರು ಕಡತ ಸೇರುವಂತೆಯೂ ನೋಡಿಕೊಂಡಿತು. ಆ ವಕೀಲ ಕಕ್ಷಿದಾರನ ಮುಖ ನೋಡಬೇಕೆಂಬ ಕಡೆಗೆ ಮಾತ್ರ ಅದರ ಗಮನ ಹರಿದದ್ದು ಕಡಿಮೆ.

ಕಲಮುಗಳನ್ನು ನೋಡೋಣ. 1973ರ ದಂಡ ಪ್ರಕ್ರಿಯಾ ಸಂಹಿತೆಯ 304ನೇ ಕಲಂ ಸರ್ಕಾರಿ ಖರ್ಚಿನ ವಕೀಲನ ಮಾತನ್ನು ಸೆಷನ್ಸ್ ವಿಚಾರಣೆಗೆ ಕಟ್ಟಿಹಾಕಿತ್ತು. ಮೇಲ್ಮನವಿ ಅದರಲ್ಲಿ ಇರಲಿಲ್ಲ. ಆ ಕೊರತೆಯನ್ನು ಸಂವಿಧಾನದ 21ನೇ ವಿಧಿ, 39ಎ ವಿಧಿ, ಮುಂದೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ತುಂಬಿಕೊಂಡು ಬಂದವು. ಆ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 341ನೇ ಕಲಮಿನಲ್ಲಿ ವಿಚಾರಣೆಯ ಪಕ್ಕದಲ್ಲಿ ಮೇಲ್ಮನವಿಯೂ ಸೇರಿದೆ. ಹೊಸ ಸಂಹಿತೆಯ ಚರ್ಚೆಯೆಲ್ಲ ಪೊಲೀಸ್ ಕಸ್ಟಡಿಯ ಸುತ್ತ ನಡೆದ ಗದ್ದಲದಲ್ಲಿ ಈ ಸೇರ್ಪಡೆಗೆ ಸಿಗಬೇಕಾದ ಗಮನ ಸಿಗಲಿಲ್ಲವೆಂದು ನನ್ನ ಅನಿಸಿಕೆ.

ಜೈಲಿನಿಂದ ಮೇಲ್ಮನವಿ ಹೊರಡುವ ಬಗೆ ಹೀಗೆ. ಕೈದಿ ತನ್ನ ಅರ್ಜಿಯನ್ನು ತೀರ್ಪಿನ ಪ್ರತಿಯೊಂದಿಗೆ ಜೈಲಿನ ಮುಖ್ಯಾಧಿಕಾರಿಗೆ ಕೊಟ್ಟರೆ ಅವರು ಅದನ್ನು ಮೇಲ್ಮನವಿ ನ್ಯಾಯಾಲಯಕ್ಕೆ ರವಾನಿಸಬೇಕು (ಹಳೆಯ 383, ಈಗಿನ 424ನೇ ಕಲಂ). ಹೈಕೋರ್ಟಿಗಾದರೆ ಕಾಲಮಿತಿ 60 ದಿನ, ಮರಣದಂಡನೆಯಾದರೆ 30. ಪ್ರತಿ ಪಡೆಯಲು ಹಿಡಿದ ಸಮಯವನ್ನು ಇದರಲ್ಲಿ ಕಳೆಯುತ್ತಾರೆ. ಇಂಥ ಮೇಲ್ಮನವಿಯನ್ನು ಆರಂಭದಲ್ಲೇ ವಜಾ ಮಾಡುವುದಕ್ಕೆ ಹೆಚ್ಚಿನ ಕಟ್ಟುಪಾಡು ಇದೆ, ಮತ್ತೊಂದು ಸೂಕ್ಷ್ಮವೂ ಇದೆ: ಜೈಲು ಅರ್ಜಿ ವಜಾ ಆದ ಮೇಲೆ ಅದೇ ಕೈದಿಯ ಪರವಾಗಿ ವಕೀಲರು ಸಲ್ಲಿಸಿದ ಇನ್ನೊಂದು ಮೇಲ್ಮನವಿ ಪರಿಗಣನೆಗೆ ಬಾರದೆ ಉಳಿದಿದ್ದರೆ, ನ್ಯಾಯದ ಹಿತಕ್ಕೆ ಅಗತ್ಯವೆನಿಸಿದಲ್ಲಿ ಅದನ್ನು ಕೇಳಬಹುದು. ಮನೆಯವರು ಊರಿನಲ್ಲಿ ಜಮೀನು ಅಡವಿಟ್ಟು ಒಬ್ಬ ವಕೀಲರನ್ನು ಗೊತ್ತುಮಾಡುವುದು, ಅದು ತಿಳಿಯದೆ ಒಳಗಿರುವವನು ಜೈಲು ಅರ್ಜಿಗೆ ಹೆಬ್ಬೆಟ್ಟು ಒತ್ತುವುದು ಅಪರೂಪವಲ್ಲ ಎಂದು ಕಲಂ ಬರೆದವರಿಗೆ ಗೊತ್ತಿದ್ದಂತಿದೆ.

ಕರ್ನಾಟಕದಲ್ಲಿ ಈ ಅರ್ಜಿಗಳು ಬೆಂಗಳೂರು ಪ್ರಧಾನ ಪೀಠಕ್ಕೋ 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಧಾರವಾಡ, ಕಲಬುರಗಿ ಪೀಠಗಳಿಗೋ ಹೋಗುತ್ತವೆ. ಹಿಂಡಲಗಾ ಜೈಲಿನಲ್ಲಿರುವ ಬೆಳಗಾವಿಯ ಕೈದಿಯ ಕಡತ ಧಾರವಾಡಕ್ಕೆ. ಹೈಕೋರ್ಟಿನ ಕಾನೂನು ಸೇವಾ ಸಮಿತಿ ಪ್ಯಾನೆಲ್‌ನಿಂದ ಒಬ್ಬ ವಕೀಲರನ್ನು ಹೆಸರಿಸುತ್ತದೆ, ಇಲ್ಲವೇ ಪೀಠವೇ ಅಮಿಕಸ್ ಕ್ಯೂರಿಯನ್ನು ನೇಮಿಸುತ್ತದೆ. ಅಧೀನ ನ್ಯಾಯಾಲಯದ ದಾಖಲೆ ಬರುತ್ತದೆ: ದೋಷಾರೋಪ, ಮಹಜರು, ಸಾಕ್ಷಿಗಳ ಹೇಳಿಕೆ, ಪಾಟಿ ಸವಾಲು, ಹಳೆಯ ಸಂಹಿತೆಯ 313ನೇ ಕಲಮಿನಡಿ ಆರೋಪಿಯ ಹೇಳಿಕೆ. ಸಾಕ್ಷ್ಯ ಬಹುಮಟ್ಟಿಗೆ ಕನ್ನಡದಲ್ಲಿರುತ್ತದೆ. 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ತನ್ನ ವಿರುದ್ಧದ ಸಾಕ್ಷ್ಯವನ್ನು ಓದಬಲ್ಲ ಕೈದಿಗೆ ತನ್ನ ಪರವಾದ ಮೇಲ್ಮನವಿಯ ಆಧಾರಗಳನ್ನು ಓದಲಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಮೇಲ್ಮನವಿ ದಾಖಲೆಯ ಮೇಲೆ ನಿಂತದ್ದು, ಹೊಸ ಸಾಕ್ಷ್ಯವಿಲ್ಲ, ಪಾಟಿ ಸವಾಲಿನ ವಿರೋಧಾಭಾಸ ಹುಡುಕಲು ಕೈದಿಯನ್ನು ಕಾಣುವ ಅಗತ್ಯವೇನು? ಭೇಟಿಯಿಂದ ಮಾತ್ರ ಹೊರಬೀಳುವ ಸಂಗತಿಗಳಿವೆ ಎಂಬುದು ನನ್ನ ಉತ್ತರ. ಘಟನೆಯ ದಿನ ತನಗೆ ಹದಿನೆಂಟು ತುಂಬಿರಲಿಲ್ಲ ಎಂಬ ವಾದವನ್ನು 2015ರ ಬಾಲನ್ಯಾಯ ಕಾಯ್ದೆಯ 9ನೇ ಕಲಮಿನಡಿ ಯಾವ ನ್ಯಾಯಾಲಯದಲ್ಲಾದರೂ, ಪ್ರಕರಣ ಅಂತಿಮವಾಗಿ ಇತ್ಯರ್ಥವಾದ ಮೇಲೂ ಎತ್ತಬಹುದು. ಪೊಲೀಸರು ಅಂದಾಜಿನಲ್ಲಿ ಬರೆದ ವಯಸ್ಸೇ ಕಡತದುದ್ದಕ್ಕೂ ನಕಲಾಗಿ ಬಂದಿದ್ದರೆ ಶಾಲೆಯ ದಾಖಲಾತಿ ಪುಸ್ತಕದ ಸುಳಿವು ಅವನ ಬಾಯಿಂದಲೇ ಬರಬೇಕು. ವಿಚಾರಣಾಧೀನನಾಗಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ವಜಾ ಹಾಕಿದ್ದಾರೆಯೇ, ಶಿಕ್ಷೆ ಅಮಾನತಿನ ಅರ್ಜಿಗೆ ಜಾಮೀನು ನಿಲ್ಲುವವರಿದ್ದಾರೆಯೇ, 313ರ ಪ್ರಶ್ನೆಗಳು ಅವನಿಗೆ ಅರ್ಥವಾಗಿದ್ದವೇ: ಇವುಗಳ ಉತ್ತರವೂ ಕಡತದಲ್ಲಿ ಸಿಗುವುದು ಅನುಮಾನ.

ನ್ಯಾಯಾಲಯಗಳ ಒತ್ತು ಮಾತ್ರ ದಾಖಲೆಯ ಮೇಲೆಯೇ. 1996ರ ಬನಿ ಸಿಂಗ್ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ವಕೀಲರು ಬಾರದಿದ್ದಕ್ಕೇ ಮೇಲ್ಮನವಿಯನ್ನು ವಜಾ ಮಾಡುವಂತಿಲ್ಲ, ದಾಖಲೆ ಓದಿ ಗುಣಾವಗುಣದ ಮೇಲೆ ತೀರ್ಮಾನಿಸಬೇಕು ಎಂದಿತು. ಬಡವನಿಗೆ ಇದು ರಕ್ಷಣೆ. ಅದೇ ತೀರ್ಪಿನ ಇನ್ನೊಂದು ಮುಖವೆಂದರೆ, ವಕೀಲರಿಲ್ಲದೆಯೂ ತೀರ್ಮಾನ ಕೊಡಬಹುದು. 2011ರ ಸುಕೂರ್ ಅಲಿ ತೀರ್ಪು ಇದಕ್ಕೆ ಎದುರಾಗಿ, ವಕೀಲರ ಗೈರುಹಾಜರಿಯಲ್ಲಿ ಆರೋಪಿಯ ವಿರುದ್ಧ ತೀರ್ಮಾನ ಬೇಡ, ಅಮಿಕಸ್ ನೇಮಿಸಿ ಎಂದಿತ್ತು. ಎರಡರ ಘರ್ಷಣೆ ಬಗೆಹರಿದದ್ದು ಕರ್ನಾಟಕದಿಂದ ಹೋದ ಕೆ. ಎಸ್. ಪಾಂಡುರಂಗ ಪ್ರಕರಣದಲ್ಲಿ, 2013ರಲ್ಲಿ. ಅಲ್ಲಿ ನಮ್ಮ ಹೈಕೋರ್ಟು ವಕೀಲರ ವಾದವಿಲ್ಲದೆ ದಾಖಲೆ ನೋಡಿ ಮೇಲ್ಮನವಿ ತೀರ್ಮಾನಿಸಿತ್ತು. ಸುಪ್ರೀಂ ಕೋರ್ಟು ಬನಿ ಸಿಂಗ್ ಪರ ನಿಂತಿತು. ಮೇಲ್ಮನವಿದಾರ ಜೈಲಿನಲ್ಲಿದ್ದರೆ ಮುಂದೂಡುವುದು ಸೂಕ್ತ, ವಕೀಲರನ್ನು ನೇಮಿಸಲು ಅಡ್ಡಿಯಿಲ್ಲ ಎಂಬ ಮಾತು ಅದರಲ್ಲೂ ಇದೆ, ಆದರೆ ಸಲಹೆಯ ಧಾಟಿಯಲ್ಲಿ.

ಭೇಟಿಯ ಮಾತು ಸ್ಪಷ್ಟವಾಗಿ ಬರುವುದು 2019ರ ಡಿಸೆಂಬರ್‌ನ ಅನೋಖಿಲಾಲ್ ತೀರ್ಪಿನಲ್ಲಿ. ವಕೀಲರ ನೇಮಕ, ದೋಷಾರೋಪ ಎರಡೂ ಒಂದೇ ದಿನ ನಡೆದು ಮರಣದಂಡನೆಯಲ್ಲಿ ಮುಗಿದಿದ್ದ ವಿಚಾರಣೆ ಅದು. ಸುಪ್ರೀಂ ಕೋರ್ಟು ಮರುವಿಚಾರಣೆಗೆ ಕಳಿಸಿತು. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಕ್ಕೆ ಕನಿಷ್ಠ 10 ವರ್ಷ ವಕೀಲಿ ಮಾಡಿದವರು ಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನಕ್ಕೆ ಕಡಿಮೆಯಿಲ್ಲದ ಕಾಲಾವಕಾಶ ಬೇಕು ಎಂದ ತೀರ್ಪು, ಆರೋಪಿಯನ್ನು ಭೇಟಿಯಾಗಲು ಅಮಿಕಸ್‌ಗೆ ಅವಕಾಶ ಕೊಡಬಹುದು ಎಂದೂ ಸೇರಿಸಿತು. ಭೇಟಿಗೆ ಅವಕಾಶ ದೊರೆಯಿತು. ಅದು ಕರ್ತವ್ಯವಾಗಲಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ತಿರುವು ಪಡೆದದ್ದನ್ನು ಗಮನಿಸಬೇಕು. 1956ರ ಗ್ರಿಫಿನ್ ಪ್ರಕರಣದಲ್ಲಿ ಬಡ ಮೇಲ್ಮನವಿದಾರನಿಗೆ ವಿಚಾರಣೆಯ ದಾಖಲೆ ದಕ್ಕಿತು, 1963ರ ಡಗ್ಲಸ್ ಪ್ರಕರಣದಲ್ಲಿ ಮೊದಲ ಮೇಲ್ಮನವಿಗೆ ವಕೀಲ. ಅಲ್ಲಿಯೂ ಕಾಗದವೇ ಮುಂದು. ಮುಂದಿನ ತಗಾದೆ ವಕೀಲ, ಕಕ್ಷಿದಾರರ ನಡುವಿನದು. ಆಂಡರ್ಸ್ ಎಂಬ ಕೈದಿಯ ವಕೀಲರು ಮೇಲ್ಮನವಿಯಲ್ಲಿ ಹುರುಳಿಲ್ಲವೆಂದು ನ್ಯಾಯಾಲಯಕ್ಕೆ ಪತ್ರ ಬರೆದು ಕೈತೊಳೆದುಕೊಂಡಿದ್ದರು. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹಿಂದೆ ಸರಿಯುವ ವಕೀಲರು ದಾಖಲೆಯಲ್ಲಿ ವಾದಕ್ಕೆ ಆಸರೆಯಾಗಬಲ್ಲ ಅಂಶಗಳನ್ನೆಲ್ಲ ತೋರಿಸಿ ಬರೆಯಬೇಕು, ಅದರ ಪ್ರತಿ ಕಕ್ಷಿದಾರನಿಗೆ ಮುಟ್ಟಬೇಕು, ತನ್ನ ಮಾತು ಹೇಳಲು ಅವನಿಗೆ ಕಾಲಾವಕಾಶ ಸಿಗಬೇಕು ಎಂದಿತು. 1983ರ ಜೋನ್ಸ್ ಪ್ರಕರಣದಲ್ಲಿ ತಕ್ಕಡಿ ವಕೀಲರ ಕಡೆಗೆ ವಾಲಿತು: ಕಕ್ಷಿದಾರ ಕೇಳಿದ ಪ್ರತಿಯೊಂದು ಅಂಶವನ್ನೂ ಎತ್ತಬೇಕಾಗಿಲ್ಲ, ಆಯ್ಕೆ ವಕೀಲರದು. ನ್ಯಾಯಮೂರ್ತಿ ಬ್ರೆನನ್ ಭಿನ್ನಮತ ಬರೆದರು. ಗೆದ್ದವರು ಯಾರೇ ಇರಲಿ, ಕಕ್ಷಿದಾರ ಒಪ್ಪದಿರಬಹುದು ಎಂಬ ಎಣಿಕೆ ಆ ತೀರ್ಪುಗಳಲ್ಲಿದೆ. ನಮ್ಮ ತೀರ್ಪುಗಳಲ್ಲಿ ಕೈದಿ ವಕೀಲನೊಡನೆ ಭಿನ್ನಾಭಿಪ್ರಾಯ ಪಡುವಷ್ಟು ಹತ್ತಿರ ಬರುವುದೇ ಕಡಿಮೆ.

ವ್ಯವಸ್ಥೆಯ ವ್ಯತ್ಯಾಸವೂ ಇದಕ್ಕೆ ಕಾರಣ. ಇಲಿನಾಯ್‌ನಲ್ಲಿ 1972ರಿಂದಲೇ ಬಡವರ ಮೇಲ್ಮನವಿಗಳಿಗೆಂದು ಪ್ರತ್ಯೇಕ ಸರ್ಕಾರಿ ಕಚೇರಿಯಿದೆ. ಅಲ್ಲಿನ ವಕೀಲರಿಗೆ ಅದೇ ಪೂರ್ಣಾವಧಿ ಕೆಲಸ. ನಮ್ಮ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರ ಪರಿಷ್ಕೃತ ಯೋಜನೆಯಲ್ಲಿ ಖಾಸಗಿ ಕಕ್ಷಿದಾರರಿಲ್ಲದ ಪೂರ್ಣಾವಧಿ ಪ್ರತಿವಾದ ವಕೀಲರನ್ನು ತಂದಿತು, ಆದರೆ ಅದನ್ನು ರೂಪಿಸಿದ್ದು ಜಿಲ್ಲಾ ಹಂತಕ್ಕೆ. ಜೀವಾವಧಿ ಶಿಕ್ಷೆಯ ಮೇಲ್ಮನವಿಗಳು ನಡೆಯುವ ಹೈಕೋರ್ಟಿನಲ್ಲಿ ಹಳೆಯ ಪ್ಯಾನೆಲ್ ಪದ್ಧತಿಯೇ ಆಧಾರ. ಪ್ಯಾನೆಲ್ ವಕೀಲರ ಶ್ರದ್ಧೆಯ ಬಗ್ಗೆ ನನಗೆ ಅನುಮಾನವಿಲ್ಲ. ಸ್ವಂತ ಕಕ್ಷಿದಾರರನ್ನು ನೋಡಿಕೊಳ್ಳುತ್ತಲೇ ಜೈಲಿಗೂ ಹೋಗಿಬರುವ ಪುರುಸೊತ್ತನ್ನು ಪದ್ಧತಿ ಅವರಿಗೆ ಕೊಟ್ಟಿಲ್ಲ.

2024ರ ಅಕ್ಟೋಬರ್‌ನ ಸುಹಾಸ್ ಚಕ್ಮಾ ತೀರ್ಪು ಶಿಕ್ಷೆ ವಿಧಿಸುವ ತೀರ್ಪಿನ ಪ್ರತಿಗೆ ಉಚಿತ ಕಾನೂನು ನೆರವಿನ ವಿವರವಿರುವ ಮುಖಪುಟ ಲಗತ್ತಿಸುವಂತೆ ನಿಯಮ ಮಾಡುವುದನ್ನು ಪರಿಗಣಿಸಿ ಎಂದು ಹೈಕೋರ್ಟುಗಳಿಗೆ ಸೂಚಿಸಿದೆ. ಮತ್ತೊಮ್ಮೆ ಕಾಗದ, ಆದರೆ ಉಪಯುಕ್ತ ಕಾಗದ. ಅದೇ ಬಗೆಯಲ್ಲಿ, ನೇಮಕಗೊಂಡ ವಕೀಲರು ಕೈದಿಯನ್ನು ಖುದ್ದಾಗಿಯೋ ವಿಡಿಯೊ ಮೂಲಕವೋ ಕಂಡ ದಿನಾಂಕವನ್ನು ಮೇಲ್ಮನವಿಯ ಆಧಾರಗಳೊಂದಿಗೆ ದಾಖಲಿಸುವ ಒಂದು ಸಾಲನ್ನು ಹೈಕೋರ್ಟಿನ ನಿಯಮಗಳಿಗೆ ಸೇರಿಸಲು ಶಾಸನದ ತಿದ್ದುಪಡಿ ಬೇಕಾಗದು.

ಸಂಬಂಧಿಸಿದ ಒಂದು ಅಂಶವನ್ನು ಮುಂದಿನ ಅಧ್ಯಯನಕ್ಕೆಂದು ಗುರುತಿಸುತ್ತೇನೆ. 1987ರ ಕಾಯ್ದೆಯ 12ನೇ ಕಲಮಿನಡಿ ಬಂಧನದಲ್ಲಿರುವವರಿಗೆ ಆದಾಯದ ಪುರಾವೆ ಬೇಡ. ಶಿಕ್ಷೆ ಅಮಾನತಾಗಿ ಹೊರಬಂದ ಕೂಡಲೇ ಆ ಆಧಾರ ಕಳಚುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಮುಂತಾದ ವರ್ಗಗಳಿಗೆ ಹಕ್ಕು ಉಳಿಯುತ್ತದೆ. ಉಳಿದವರು ಆದಾಯ ಮಿತಿಯೊಳಗೆ ಬರಬೇಕು. ಜಾಮೀನಿನ ಮೇಲೆ ಊರು ಸೇರಿದವನ ಮೇಲ್ಮನವಿ ವರ್ಷಗಳ ನಂತರ ಅಂತಿಮ ವಿಚಾರಣೆಗೆ ಬರುವ ಹೊತ್ತಿಗೆ ಅವನ ಪರ ನಿಲ್ಲುವವರು ಯಾರು ಎಂಬುದನ್ನು ಮೂರೂ ಪೀಠಗಳ ಕಡತಗಳನ್ನಿಟ್ಟು ನೋಡಬೇಕಾಗಿದೆ.