ಪ್ರೊಬೇಷನ್ ಸೇವೆಯ ಪುನಾರಚನೆ: ಇಂಗ್ಲೆಂಡ್ ಮತ್ತು ವೇಲ್ಸ್

ಸೆರೆಮನೆಯ ಹೊರಗೇ ಶಿಕ್ಷೆ ಪೂರೈಸುವವರ ಮತ್ತು ಸೆರೆಯಿಂದ ಬಿಡುಗಡೆಯಾದವರ ಮೇಲ್ವಿಚಾರಣೆ ಪ್ರೊಬೇಷನ್ ಸೇವೆಯ ಹೊಣೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಸೇವೆಯನ್ನು 2014ರಲ್ಲಿ ಎರಡಾಗಿ ಒಡೆದು, ಒಂದು ಭಾಗವನ್ನು ಖಾಸಗಿಯವರಿಗೆ ವಹಿಸಲಾಯಿತು. 2021ರಲ್ಲಿ ಎರಡನ್ನೂ ಮತ್ತೆ ಸರ್ಕಾರದಡಿ ಒಂದುಗೂಡಿಸಲಾಯಿತು.

ಸೇವೆಯ ಬೇರು ಚರ್ಚಿನ ಸ್ವಯಂಸೇವೆಯಲ್ಲಿದೆ. ಕುಡಿತದಿಂದಾಗಿ ಮತ್ತೆ ಮತ್ತೆ ಪೊಲೀಸ್ ಕೋರ್ಟಿನ ಕಟಕಟೆ ಹತ್ತುವವರಿಗೆ ನೆರವಾಗಲೆಂದು 1876ರಲ್ಲಿ ಮುದ್ರಕ ಫ್ರೆಡರಿಕ್ ರೈನರ್ ಅವರು ಚರ್ಚಿನ ಪಾನವಿರೋಧಿ ಸಂಘಕ್ಕೆ ಐದು ಶಿಲ್ಲಿಂಗ್ ಕೊಟ್ಟದ್ದು ಅದರ ಆರಂಭ. 1907ರ ಕಾಯ್ದೆ ಇದಕ್ಕೆ ಶಾಸನದ ಬಲ ನೀಡಿತು.

ನ್ಯಾಯಾಂಗ ಸಚಿವ ಕ್ರಿಸ್ ಗ್ರೇಲಿಂಗ್ ಅವರ ಯೋಜನೆಯಂತೆ ಅದುವರೆಗೆ ಸೇವೆ ನಡೆಸುತ್ತಿದ್ದ 35 ಪ್ರೊಬೇಷನ್ ಟ್ರಸ್ಟ್‌ಗಳು 2014ರ ಜೂನ್ 1ರಂದು ರದ್ದಾದವು. ಹೆಚ್ಚು ಅಪಾಯಕಾರಿ ಎನಿಸಿದವರು ರಾಷ್ಟ್ರೀಯ ಸೇವೆಯ ಪಾಲಾದರು. ಉಳಿದವರು 21 ಪುನರ್ವಸತಿ ಕಂಪನಿಗಳ ಪಾಲಾದರು. 2015ರ ಫೆಬ್ರವರಿಯಲ್ಲಿ ಕಂಪನಿಗಳ ಒಡೆತನ ಖಾಸಗಿ ಗುತ್ತಿಗೆದಾರರಿಗೆ ಹೋಯಿತು. ಹನ್ನೆರಡು ತಿಂಗಳಿಗಿಂತ ಕಡಿಮೆ ಅವಧಿಯ ಸೆರೆವಾಸ ಮುಗಿಸಿದವರೂ ಅದೇ ಹೊತ್ತಿಗೆ ಮೇಲ್ವಿಚಾರಣೆಯ ವ್ಯಾಪ್ತಿಗೆ ಬಂದರು. ಉದ್ದೇಶ ಒಳ್ಳೆಯದೇ: ಪದೇ ಪದೇ ಸಿಕ್ಕಿಬೀಳುವವರಲ್ಲಿ ಇವರೇ ಹೆಚ್ಚು, ಆವರೆಗೆ ಇವರನ್ನು ಕೇಳುವವರಿರಲಿಲ್ಲ.

ಯೋಜನೆ ಎಡವಿದ್ದು ಮುಖ್ಯವಾಗಿ ಹಣ ಪಾವತಿಯ ವಿಧಾನದಲ್ಲಿ. ಕಂಪನಿಗೆ ಬರುವ ಹಣದ ಬಹುಪಾಲು ಪ್ರಕರಣಗಳ ಪ್ರಮಾಣವನ್ನು ಅವಲಂಬಿಸಿತ್ತು. ಮರು-ಅಪರಾಧ ತಗ್ಗಿದರೆ ಸಿಗುವ ಫಲಿತಾಂಶದ ಹಣ ಸಣ್ಣ ಪಾಲು, ಅದೂ ತಡವಾಗಿ ಕೈಸೇರುವಂಥದು. ನ್ಯಾಯಾಲಯಗಳಿಂದ ಬಂದ ಪ್ರಕರಣಗಳು ಅಂದಾಜಿಗಿಂತ ಕಡಿಮೆಯಾದವು, ಆದರೆ ಕಚೇರಿ, ಸಿಬ್ಬಂದಿಯ ವೆಚ್ಚ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಕಂಪನಿಗಳು ಸಿಬ್ಬಂದಿಯನ್ನು ಕಡಿತಗೊಳಿಸಿದವು. ಕೆಲವೆಡೆ ಮುಖಾಮುಖಿ ಭೇಟಿಯ ಬದಲು ಫೋನ್ ಕರೆಯೇ ಮೇಲ್ವಿಚಾರಣೆ ಎನಿಸಿಕೊಂಡಿತು. ಅಳತೆಗೋಲೂ ತೊಡಕಿನದಾಗಿತ್ತು. 2011ರಿಂದ 2017ರ ಮಾರ್ಚ್‌ವರೆಗೆ ಮರು-ಅಪರಾಧ ಎಸಗಿದವರ ಪ್ರಮಾಣ ತುಸು ತಗ್ಗಿದರೂ, ಅಂಥ ಪ್ರತಿಯೊಬ್ಬರೂ ಎಸಗಿದ ಅಪರಾಧಗಳ ಸರಾಸರಿ ಸಂಖ್ಯೆ ಶೇ. 22ರಷ್ಟು ಏರಿತು. ಒಬ್ಬನ ಅಪಾಯದ ಮಟ್ಟ ಹೆಚ್ಚಿದರೆ ಕಡತ ಕಂಪನಿಯಿಂದ ರಾಷ್ಟ್ರೀಯ ಸೇವೆಗೆ ದಾಟಬೇಕಿತ್ತು, ಅವನನ್ನು ಬಲ್ಲ ಅಧಿಕಾರಿ ಬದಲಾಗುತ್ತಿದ್ದರು. ಬಿಡುಗಡೆಗೆ ಮುನ್ನ ವಸತಿ, ಉದ್ಯೋಗದ ಯೋಜನೆ ಸಿದ್ಧಪಡಿಸುವುದೂ ಕಂಪನಿಗಳ ಕರಾರಿನಲ್ಲಿತ್ತು. ಆದರೆ ಅನೇಕರು 46 ಪೌಂಡ್ ಬಿಡುಗಡೆ ಭತ್ಯೆ ಹಿಡಿದು, ಆ ರಾತ್ರಿ ಮಲಗಲು ಜಾಗವಿಲ್ಲದೆ ಸೆರೆಮನೆಯ ಬಾಗಿಲು ದಾಟಿದರು.

2019ರ ಫೆಬ್ರವರಿಯಲ್ಲಿ ಮೂರು ಕಂಪನಿಗಳ ಒಡೆತನವಿದ್ದ ವರ್ಕಿಂಗ್ ಲಿಂಕ್ಸ್ ದಿವಾಳಿಯಾಯಿತು. ಮಾರ್ಚ್‌ನಲ್ಲಿ ಮುಖ್ಯ ಪ್ರೊಬೇಷನ್ ಇನ್ಸ್‌ಪೆಕ್ಟರ್ ಗ್ಲೆನಿಸ್ ಸ್ಟೇಸಿ ಅವರು ಈ ಮಾದರಿಯ ದೋಷ ಸರಿಪಡಿಸಲಾಗದಂಥದು ಎಂದು ವರದಿ ನೀಡಿದರು. ಮೇಲ್ವಿಚಾರಣೆ ಪೂರ್ತಿಯಾಗಿ ಸರ್ಕಾರಕ್ಕೆ ಮರಳುವುದೆಂದು ಮೇ ತಿಂಗಳಲ್ಲಿ ಸಚಿವ ಡೇವಿಡ್ ಗಾಕ್ ಪ್ರಕಟಿಸಿದರು. ವೇಲ್ಸ್‌ನಲ್ಲಿ ಇದು ಅದೇ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನಲ್ಲಿ 2021ರ ಜೂನ್ 26ರಂದು ಜಾರಿಯಾಯಿತು. ಏಕೀಕೃತ ಸೇವೆಗೆ ವೇಲ್ಸ್ ಸೇರಿ 12 ಪ್ರದೇಶಗಳಿವೆ.

ರಚನೆ ಒಂದಾದರೂ ಅನುಭವಿ ಅಧಿಕಾರಿಗಳ ಕೊರತೆ ಏಕೀಕರಣದ ನಂತರವೂ ಸೇವೆಯನ್ನು ಕಾಡಿದೆ. ಸ್ಕಾಟ್ಲೆಂಡಿನಲ್ಲಿ ಈ ಕೆಲಸ ಸ್ಥಳೀಯ ಆಡಳಿತಗಳ ಸಮಾಜಕಾರ್ಯ ವಿಭಾಗಕ್ಕೆ, ಉತ್ತರ ಐರ್ಲೆಂಡಿನಲ್ಲಿ ಪ್ರತ್ಯೇಕ ಮಂಡಳಿಗೆ ಸೇರಿದ್ದು, ಈ ಒಡಕು ಅವೆರಡನ್ನೂ ತಟ್ಟಲಿಲ್ಲ.